ಐದು ಮೀಟರ್ ಆಳದಲ್ಲಿ ಮೂರು ನಿಮಿಷ

ಸಮುದ್ರದ ಆಳಕ್ಕೆ ಇಳಿದು ಬರುವ ಸ್ಕೂಬಾ ಮುಳುಗುಗಾರರಲ್ಲಿ ಒಂದು ವಿಚಿತ್ರ ಪದ್ಧತಿ ಇದೆ. ಮೂವತ್ತು ಮೀಟರ್ ಕೆಳಗೆ ಹವಳ, ಮೀನು, ಆಮೆಗಳನ್ನು ನೋಡಿಕೊಂಡು ಅವರು ನಿಧಾನವಾಗಿ ಮೇಲೇರಿ ಬರುತ್ತಾರೆ. ಕಾದು ನಿಂತ ದೋಣಿಯ ತಳ ಕಣ್ಣಿಗೆ ಕಾಣುತ್ತಿರುತ್ತದೆ. ಇನ್ನು ಐದೇ ಮೀಟರ್ ಏರಿದರೆ ಬಿಸಿಲು, ಗಾಳಿ, ಬಿಸಿ ಚಹಾ! ಆದರೆ ಅವರು ಏರುವುದಿಲ್ಲ. ಅಲ್ಲೇ ಹಗ್ಗ ಹಿಡಿದು, ಕೈಗಡಿಯಾರ ನೋಡುತ್ತಾ, ಏನೂ ಮಾಡದೆ ಮೂರರಿಂದ ಐದು ನಿಮಿಷ ತೇಲುತ್ತಾ ನಿಲ್ಲುತ್ತಾರೆ. ಇದಕ್ಕೆ 'ಸೇಫ್ಟಿ ಸ್ಟಾಪ್' ಎಂದು ಹೆಸರು. ಕನ್ನಡದಲ್ಲಿ 'ಸುರಕ್ಷಾ ನಿಲುಗಡೆ' ಎನ್ನೋಣ.

ಈ ಮೂರು ನಿಮಿಷದಲ್ಲಿ ಹೊರಗೆ ಏನೂ ನಡೆಯುತ್ತಿಲ್ಲವೆಂದು ಕಂಡರೂ ದೇಹದ ಒಳಗೆ ಭಾರೀ ವ್ಯವಹಾರ ನಡೆದಿರುತ್ತದೆ. ರಕ್ತ ಮತ್ತು ಮಾಂಸಖಂಡಗಳಲ್ಲಿ ಕರಗಿ ಕುಳಿತಿದ್ದ ಸಾರಜನಕ (ನೈಟ್ರೋಜನ್) ಶ್ವಾಸಕೋಶದ ಮೂಲಕ ಸದ್ದಿಲ್ಲದೆ ಹೊರಬೀಳುತ್ತಿರುತ್ತದೆ. ಹಾಗಾದರೆ ಈ ನಿಲುಗಡೆಯ ಹೊತ್ತಿನಲ್ಲಿ ಸಾಧಾರಣ ಗಾಳಿಯ ಬದಲು ಆಮ್ಲಜನಕ ಹೆಚ್ಚಿರುವ ಗಾಳಿಯನ್ನು ಉಸಿರಾಡಿದರೆ ಆ ಕೆಲಸ ಇನ್ನಷ್ಟು ಬೇಗ ಆದೀತೇ? ಮಕ್ಕಳ ರಸಾಯನ ವಿಜ್ಞಾನದ ಪುಸ್ತಕದಲ್ಲಿ ಬರುವ ಎರಡು ನಿಯಮಗಳು ಗೊತ್ತಿದ್ದರೆ ಈ ಪ್ರಶ್ನೆಗೆ ಮನೆಯಲ್ಲೇ ಕುಳಿತು ಉತ್ತರ ಹುಡುಕಬಹುದು. ಉತ್ತರದ ಜೊತೆಗೆ ಒಂದು ಎಚ್ಚರಿಕೆಯೂ ಬರುತ್ತದೆ.

ಗೋಲಿ ಸೋಡಾದ ಪಾಠ

ಗೋಲಿ ಸೋಡಾ ಬಾಟಲಿಯನ್ನು ನೆನಪಿಸಿಕೊಳ್ಳಿ. ಮುಚ್ಚಿರುವಾಗ ಒಳಗಿನ ನೀರು ತಿಳಿಯಾಗಿರುತ್ತದೆ. ಗೋಲಿಯನ್ನು ಒಳಕ್ಕೆ ಒತ್ತಿದ ಕ್ಷಣ ಬುಸ್ಸೆಂದು ಗುಳ್ಳೆಗಳು ಏಳುತ್ತವೆ. ಆ ಗುಳ್ಳೆಗಳು ಹೊರಗಿನಿಂದ ಬಂದವಲ್ಲ. ಒತ್ತಡದಲ್ಲಿ ನೀರಿನೊಳಗೆ ಕರಗಿದ್ದ ಅನಿಲವೇ ಒತ್ತಡ ಇಳಿದಾಗ ಹೊರಬಂದದ್ದು. ಅನಿಲದ ಒತ್ತಡ ಹೆಚ್ಚಿದಷ್ಟೂ ಅದು ದ್ರವದಲ್ಲಿ ಹೆಚ್ಚು ಕರಗುತ್ತದೆ ಎಂದು ಇಂಗ್ಲೆಂಡಿನ ವಿಲಿಯಂ ಹೆನ್ರಿ 1803ರಲ್ಲಿ ತೋರಿಸಿದ. ಅದೇ ಹೆನ್ರಿಯ ನಿಯಮ.

ನಾವು ನೆಲದ ಮೇಲೆ ಸುಮಾರು ಒಂದು 'ಬಾರ್' ಒತ್ತಡದಲ್ಲಿ ಬದುಕುತ್ತೇವೆ. ಸಮುದ್ರದಲ್ಲಿ ಪ್ರತಿ ಹತ್ತು ಮೀಟರ್ ಇಳಿದಂತೆ ಇನ್ನೊಂದು ಬಾರ್ ಸೇರುತ್ತದೆ. ಮೂವತ್ತು ಮೀಟರಿನಲ್ಲಿ ಒಟ್ಟು ನಾಲ್ಕು ಬಾರ್. ಮುಳುಗುಗಾರನ ಬೆನ್ನ ಮೇಲಿನ ಸಿಲಿಂಡರಿನ ಉಪಕರಣ ಸುತ್ತಲ ನೀರಿನ ಒತ್ತಡಕ್ಕೆ ಸರಿಸಮನಾಗಿಯೇ ಗಾಳಿ ಕೊಡುತ್ತದೆ. ಇಲ್ಲವಾದರೆ ಎದೆ ಉಬ್ಬಿಸಿ ಉಸಿರೆಳೆಯಲು ಆಗುವುದೇ ಇಲ್ಲ. ಗಾಳಿಯಲ್ಲಿ ಆಮ್ಲಜನಕ ಸುಮಾರು ಶೇ. 21, ಉಳಿದದ್ದು ಬಹುಪಾಲು ಸಾರಜನಕ. ಆಮ್ಲಜನಕವನ್ನು ದೇಹ ಖರ್ಚು ಮಾಡುತ್ತದೆ. ಸಾರಜನಕದಿಂದ ದೇಹಕ್ಕೆ ಉಪಯೋಗವಿಲ್ಲ. ಅದು ಬಾಡಿಗೆ ಕೊಡದ ಬಾಡಿಗೆದಾರನಂತೆ ಬಂದು ಕುಳಿತಿರುತ್ತದೆ. ಆಳ ಹೆಚ್ಚಿದಷ್ಟೂ, ಹೊತ್ತು ಕಳೆದಷ್ಟೂ ಅದರ ಸಂಗ್ರಹ ಬೆಳೆಯುತ್ತದೆ.

ಇಂಥವನು ಒಮ್ಮೆಲೇ ಮೇಲಕ್ಕೆ ಬಂದರೆ ಅವನ ದೇಹವೇ ಗೋಲಿ ಒತ್ತಿದ ಸೋಡಾ ಬಾಟಲಿ! ರಕ್ತನಾಳಗಳಲ್ಲಿ, ಕೀಲುಗಳಲ್ಲಿ, ಬೆನ್ನುಹುರಿಯಲ್ಲಿ ಸಾರಜನಕದ ಗುಳ್ಳೆಗಳು ಏಳಬಹುದು. ಕೀಲುನೋವು, ಚರ್ಮದ ತುರಿಕೆ, ಜೋಮು, ತಲೆಸುತ್ತು, ಕಾಲಿನ ಶಕ್ತಿ ಹೋಗುವುದು ಇವೆಲ್ಲ ಅದರ ಲಕ್ಷಣಗಳು. ಕೆಲವೊಮ್ಮೆ ಪಾರ್ಶ್ವವಾಯು, ಸಾವು. ಇದೇ 'ಡಿಕಂಪ್ರೆಷನ್' ಕಾಯಿಲೆ, ಆಡುಮಾತಿನಲ್ಲಿ 'ಬೆಂಡ್ಸ್'.

ಸೇತುವೆ ಕಟ್ಟಿದವರ ಕಾಯಿಲೆ

ಈ ಕಾಯಿಲೆ ಮೊದಲು ದೊಡ್ಡ ಪ್ರಮಾಣದಲ್ಲಿ ಕಾಣಿಸಿಕೊಂಡದ್ದು ಮುಳುಗುಗಾರರಲ್ಲಲ್ಲ, ಸೇತುವೆಯ ಕೂಲಿಗಳಲ್ಲಿ. ನದಿಯ ತಳದಲ್ಲಿ ಅಡಿಪಾಯ ತೋಡಲು 'ಕೇಸನ್' ಎಂಬ ಬೃಹತ್ ಪೆಟ್ಟಿಗೆಯನ್ನು ಬೋರಲಾಗಿ ಇಳಿಸುತ್ತಿದ್ದರು. ಒಳಗೆ ನೀರು ನುಗ್ಗದಂತೆ ಒತ್ತಡದ ಗಾಳಿ ತುಂಬುತ್ತಿದ್ದರು. ಕೂಲಿಗಳು ಅದರೊಳಗೆ ಕೆಸರು ತೋಡಿ, ಪಾಳಿ ಮುಗಿದ ಮೇಲೆ ಹೊರಬಂದರೆ ಕೈಕಾಲು ಹಿಂಡಿದಂಥ ನೋವು. ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಯ ಮುಖ್ಯ ಎಂಜಿನಿಯರ್ ವಾಷಿಂಗ್ಟನ್ ರೋಬ್ಲಿಂಗ್ 1872ರಲ್ಲಿ ಇದೇ ಕಾಯಿಲೆಯಿಂದ ಹಾಸಿಗೆ ಹಿಡಿದ. ಆಮೇಲೆ ಅವನ ಸೂಚನೆಗಳನ್ನು ಹೊತ್ತು ಕೆಲಸದ ಜಾಗಕ್ಕೆ ಓಡಾಡಿ, 1883ರಲ್ಲಿ ಸೇತುವೆ ಮುಗಿಯುವವರೆಗೆ ನಿಭಾಯಿಸಿದವಳು ಹೆಂಡತಿ ಎಮಿಲಿ. ನಮ್ಮ ಕೊಲ್ಕತ್ತಾದ ಹೌರಾ ಸೇತುವೆಗೂ 1930ರ ದಶಕದ ಕೊನೆಯಲ್ಲಿ ಒತ್ತಡದ ಗಾಳಿ ತುಂಬಿಯೇ ಕೇಸನ್ ಇಳಿಸಿದ್ದರು.

ಕಾರಣವನ್ನು ಬಿಡಿಸಿ ಹೇಳಿದ್ದು ಫ್ರಾನ್ಸಿನ ಶರೀರಶಾಸ್ತ್ರಜ್ಞ ಪಾಲ್ ಬೆರ್. 1878ರಲ್ಲಿ ಪ್ರಕಟವಾದ ತನ್ನ ಬೃಹತ್ ಗ್ರಂಥದಲ್ಲಿ, ನೋವಿಗೆ ಕಾರಣ ಸಾರಜನಕದ ಗುಳ್ಳೆಗಳು ಎಂದು ಆತ ತೋರಿಸಿದ. ಆಮ್ಲಜನಕ ಉಸಿರಾಡಿದರೆ ಗುಣ ಕಾಣುತ್ತದೆ ಎಂಬ ಸುಳಿವನ್ನೂ ಕೊಟ್ಟ. ಸ್ವಾರಸ್ಯವೇನೆಂದರೆ, ಹೆಚ್ಚಿನ ಒತ್ತಡದ ಆಮ್ಲಜನಕ ಮಿದುಳಿಗೆ ವಿಷವಾಗಿ ಸೆಳವು ಬರಿಸುತ್ತದೆ ಎಂಬುದನ್ನು ಕಂಡುಹಿಡಿದವನೂ ಅವನೇ! ಮದ್ದು ಮತ್ತು ವಿಷ ಎರಡನ್ನೂ ಒಂದೇ ಬಾಟಲಿಯಲ್ಲಿ ತೋರಿಸಿಹೋದ ಪುಣ್ಯಾತ್ಮ.

ಹಾಲ್ಡೇನ್ ಮತ್ತು ಮೇಕೆಗಳು

ಎಷ್ಟು ನಿಧಾನವಾಗಿ ಮೇಲೇರಬೇಕು ಎಂಬುದಕ್ಕೆ ಲೆಕ್ಕ ಹಾಕಿಕೊಟ್ಟವರು ಜೆ.ಎಸ್. ಹಾಲ್ಡೇನ್. ಬ್ರಿಟಿಷ್ ನೌಕಾಪಡೆಗಾಗಿ ಮೇಕೆಗಳನ್ನು ಒತ್ತಡದ ಕೋಣೆಯಲ್ಲಿಟ್ಟು ಪ್ರಯೋಗ ನಡೆಸಿ, 1908ರಲ್ಲಿ ಬಾಯ್ಕಾಟ್ ಮತ್ತು ಡ್ಯಾಮಂಟ್ ಅವರೊಡನೆ ಪ್ರಬಂಧ ಪ್ರಕಟಿಸಿದರು. ಎಲ್ಲ ಅಂಗಾಂಶಗಳೂ ಒಂದೇ ವೇಗದಲ್ಲಿ ಸಾರಜನಕ ತುಂಬಿಕೊಳ್ಳುವುದಿಲ್ಲ ಎಂಬುದು ಅವರ ಮುಖ್ಯ ವಿಚಾರ. ರಕ್ತ ಸಂಚಾರ ಹೆಚ್ಚಿರುವಲ್ಲಿ ಬೇಗ, ಕೊಬ್ಬಿನಂಥ ಕಡೆ ತಡವಾಗಿ. ಹಾಗಾಗಿ ದೇಹವನ್ನು 5, 10, 20, 40, 75 ನಿಮಿಷಗಳ 'ಅರ್ಧಾವಧಿ'ಯ ಐದು ಪಾಲುಗಳೆಂದು ಅವರು ಭಾವಿಸಿದರು. ವಿಕಿರಣ ಪಾಠದಲ್ಲಿ ಓದಿದ ಅರ್ಧಾಯುಷ್ಯದಂತೆಯೇ ಇದು. ಒತ್ತಡ ಅರ್ಧಕ್ಕಿಳಿಯುವಷ್ಟು ಏರಿದರೆ ಅಪಾಯವಿಲ್ಲ, ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ ನಿಂತು ನಿಂತು ಏರಬೇಕು ಎಂದು ಅವರು ಹೇಳಿದರು. ಮುಂದಿನವರು ಈ ಮಿತಿಯನ್ನು ಒಂದೊಂದು ಪಾಲಿಗೆ ಒಂದೊಂದಾಗಿ ತಿದ್ದಿದ್ದಾರೆ. ಆದರೆ ಇಂದಿನ ಮುಳುಗುಗಾರನ ಮಣಿಕಟ್ಟಿನ ಕಂಪ್ಯೂಟರಿನೊಳಗೂ ಬಹುಮಟ್ಟಿಗೆ ಹಾಲ್ಡೇನರ ಲೆಕ್ಕದ ಮೊಮ್ಮಕ್ಕಳೇ ಇವೆ.

ಈ ಹಾಲ್ಡೇನರ ಮಗನೇ ಜೆ.ಬಿ.ಎಸ್. ಹಾಲ್ಡೇನ್. 1957ರಲ್ಲಿ ಭಾರತಕ್ಕೆ ಬಂದು, ಕೊಲ್ಕತ್ತಾದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ಸೇರಿ, ಇಲ್ಲಿನ ಪೌರತ್ವ ಪಡೆದು, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ ಮಹಾ ಜೀವವಿಜ್ಞಾನಿ. ತಂದೆಯ ಪ್ರಯೋಗದ ಕಾಲದಲ್ಲಿ ಹದಿಮೂರರ ಹುಡುಗನಾಗಿದ್ದಾಗಲೇ ಸ್ಕಾಟ್ಲೆಂಡಿನ ಕಡಲಲ್ಲಿ ಮುಳುಗುಡುಗೆ ತೊಟ್ಟು ಇಳಿದಿದ್ದವರು. 1939ರಲ್ಲಿ 'ಥೀಟಿಸ್' ಜಲಾಂತರ್ಗಾಮಿ ಮುಳುಗಿ 99 ಜನ ಸತ್ತ ಮೇಲೆ, ಒತ್ತಡದ ಕೋಣೆಗೆ ತಾವೇ ಹೊಕ್ಕು ತಮ್ಮ ಮೇಲೆಯೇ ಪ್ರಯೋಗ ಮಾಡಿಕೊಂಡರು. ಆಮ್ಲಜನಕದ ವಿಷದಿಂದ ಬಂದ ಸೆಳವಿನಲ್ಲಿ ಅವರ ಬೆನ್ನುಮೂಳೆಗೇ ಪೆಟ್ಟಾಯಿತು.

ಇಷ್ಟಾದರೂ ಹವ್ಯಾಸಿ ಮುಳುಗುಗಾರರು ಬಹುಕಾಲ ನಿಲುಗಡೆಯಿಲ್ಲದೆ ನೇರ ಮೇಲೆ ಬರುತ್ತಿದ್ದರು. ತಮ್ಮ ಕೋಷ್ಟಕದ ಪ್ರಕಾರ ನಿಲ್ಲಬೇಕಾದ ಅಗತ್ಯ ಇಲ್ಲದಷ್ಟೇ ಹೊತ್ತು ಕೆಳಗಿರುತ್ತಿದ್ದರು. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಕ್ಯಾಟಲೀನಾ ದ್ವೀಪದಲ್ಲಿ ಆಂಡ್ರ್ಯೂ ಪಿಲ್ಮಾನಿಸ್ ಎಂಬ ವಿಜ್ಞಾನಿ ಡಾಪ್ಲರ್ ಉಪಕರಣವನ್ನು ಎದೆಗೆ ಹಿಡಿದು ಕೇಳಿದರೆ, ಕಾಯಿಲೆಯ ಲಕ್ಷಣವೇ ಇಲ್ಲದವರ ರಕ್ತದಲ್ಲೂ ಗುಳ್ಳೆಗಳ ಸದ್ದು! ಮೇಲೇರುವಾಗ ಕೆಲವೇ ನಿಮಿಷ ನಿಂತು ಬಂದವರಲ್ಲಿ ಆ ಸದ್ದು ಬಹಳ ತಗ್ಗಿತು. ಸುರಕ್ಷಾ ನಿಲುಗಡೆ ರೂಢಿಗೆ ಬಂದದ್ದು ಇಂಥ ಪ್ರಯೋಗಗಳ ಬಲದಿಂದ.

ಲೆಕ್ಕ ಮಾಡಿ ನೋಡೋಣ

ಈಗ ನಮ್ಮ ಪ್ರಶ್ನೆಗೆ ಬರೋಣ. ಪೆನ್ಸಿಲ್ ತೆಗೆದುಕೊಳ್ಳಿ.

ಒಬ್ಬ ಮುಳುಗುಗಾರ ಮೂವತ್ತು ಮೀಟರಿನಲ್ಲಿ ಇಪ್ಪತ್ತು ನಿಮಿಷ ಇದ್ದಾನೆ. ಅಲ್ಲಿನ ಒಟ್ಟು ಒತ್ತಡ 4 ಬಾರ್, ಅದರಲ್ಲಿ ಸಾರಜನಕದ ಪಾಲು ಶೇ. 79, ಅಂದರೆ 3.16 ಬಾರ್. (ಮಿಶ್ರಣದಲ್ಲಿ ಪ್ರತಿ ಅನಿಲವೂ ತನ್ನ ಪಾಲಿನಷ್ಟೇ ಒತ್ತಡ ಹಾಕುತ್ತದೆ. ಇದು ಡಾಲ್ಟನ್ನನ ಆಂಶಿಕ ಒತ್ತಡದ ನಿಯಮ.) ದೋಣಿಯಲ್ಲಿದ್ದಾಗ ಅವನ ಅಂಗಾಂಶದಲ್ಲಿ ಸಾರಜನಕದ ಒತ್ತಡ 0.79 ಬಾರ್ ಇತ್ತು. ಇಪ್ಪತ್ತು ನಿಮಿಷ ಅರ್ಧಾವಧಿಯ ಅಂಗಾಂಶವನ್ನೇ ತೆಗೆದುಕೊಂಡರೆ, ಇಪ್ಪತ್ತು ನಿಮಿಷದಲ್ಲಿ ಅದು ಅರ್ಧ ದಾರಿ ಏರಿ ಸುಮಾರು 1.98 ಬಾರ್ ಮುಟ್ಟುತ್ತದೆ.

ಈಗ ಅವನು ಐದು ಮೀಟರಿಗೆ ಬಂದು ನಿಂತ. ಅಲ್ಲಿನ ಒತ್ತಡ 1.5 ಬಾರ್. ಗಾಳಿಯನ್ನೇ ಉಸಿರಾಡಿದರೆ ಶ್ವಾಸಕೋಶಕ್ಕೆ ಬರುವ ಸಾರಜನಕ 1.19 ಬಾರ್. ಒಳಗೆ 1.98, ಹೊರಗೆ 1.19, ಇಳಿಜಾರು 0.79. ನೀರು ಎತ್ತರದಿಂದ ತಗ್ಗಿಗೆ ಹರಿಯುವಂತೆ ಅನಿಲವೂ ಹೆಚ್ಚಿನ ಒತ್ತಡದಿಂದ ಕಡಿಮೆಯ ಕಡೆಗೆ ಹರಿಯುತ್ತದೆ. ಇಳಿಜಾರು ಕಡಿದಾದಷ್ಟೂ ವೇಗ ಹೆಚ್ಚು. ಶುದ್ಧ ಆಮ್ಲಜನಕ ಉಸಿರಾಡಿದರೆ? ಹೊರಗಿನ ಸಾರಜನಕ ಸೊನ್ನೆ, ಇಳಿಜಾರು 1.98. ಅಂದರೆ ಎರಡೂವರೆ ಪಟ್ಟು!

ಐದು ನಿಮಿಷ ನಿಂತರೆ ಈ ಅಂಗಾಂಶ ಕಳೆದುಕೊಳ್ಳುವ ಸಾರಜನಕ ಗಾಳಿಯಲ್ಲಿ 0.13 ಬಾರ್; ಅರ್ಧ ಆಮ್ಲಜನಕ, ಅರ್ಧ ಸಾರಜನಕದ ಮಿಶ್ರಣದಲ್ಲಿ 0.19, ಶುದ್ಧ ಆಮ್ಲಜನಕದಲ್ಲಿ 0.31. ಗಾಳಿ ಉಸಿರಾಡುತ್ತಾ ಅಷ್ಟನ್ನೇ ಕಳೆಯಬೇಕಾದರೆ ಹತ್ತಿರ ಹತ್ತಿರ ಹದಿನೈದು ನಿಮಿಷ ನಿಲ್ಲಬೇಕು. ನೀರಾವಿಯ ಒತ್ತಡ ಮುಂತಾದ ಸೂಕ್ಷ್ಮಗಳನ್ನು ನಾವಿಲ್ಲಿ ಬಿಟ್ಟಿದ್ದೇವೆ. ಆದರೂ ಒಟ್ಟು ಚಿತ್ರ ಇದೇ.

ಇಲ್ಲೊಂದು ಜಾಣತನ ಅಡಗಿದೆ. ಇಳಿಜಾರನ್ನು ಕಡಿದಾಗಿಸಲು ಇನ್ನೊಂದು ದಾರಿಯೂ ಇತ್ತು: ನೇರ ಮೇಲಕ್ಕೆ ಹೋಗಿಬಿಡುವುದು. ಮೇಲೆ ಗಾಳಿಯಲ್ಲಿನ ಸಾರಜನಕ 0.79 ಬಾರ್ ಮಾತ್ರ. ಆದರೆ ಅಲ್ಲಿ ಸುತ್ತಲಿನ ಒತ್ತಡವೂ ಇಳಿದಿರುತ್ತದೆ, ಸೋಡಾ ಬಾಟಲಿಯ ಗೋಲಿ ಒತ್ತಿದಂತೆಯೇ. ಆಮ್ಲಜನಕದ ದಾರಿಯಲ್ಲಿ ಗೋಲಿ ಇದ್ದಲ್ಲೇ ಇರುತ್ತದೆ. ಐದು ಮೀಟರ್ ನೀರು ಗುಳ್ಳೆಗಳನ್ನು ಅದುಮಿ ಹಿಡಿದಿರುವಾಗಲೇ ಸಾರಜನಕ ಹೊರಟುಹೋಗುತ್ತದೆ. ಅದರ ಜಾಗಕ್ಕೆ ಬಂದ ಆಮ್ಲಜನಕವನ್ನು ದೇಹ ಖರ್ಚು ಮಾಡಿಕೊಳ್ಳುತ್ತದೆ. ಬಾಹ್ಯಾಕಾಶ ನಿಲ್ದಾಣದಿಂದ ಹೊರಗೆ ನಡೆಯಲು ಹೋಗುವ ಗಗನಯಾತ್ರಿಗಳೂ ಮೊದಲು ಶುದ್ಧ ಆಮ್ಲಜನಕ ಉಸಿರಾಡಿ ಸಾರಜನಕ ಕಳೆದುಕೊಳ್ಳುತ್ತಾರೆ. ಅವರ ಉಡುಗೆಯೊಳಗಿನ ಒತ್ತಡ ಬಾರಿನ ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆ. ಕಡಲೇ ಇರಲಿ ಆಕಾಶವೇ ಇರಲಿ, ಲೆಕ್ಕ ಒಂದೇ.

ಪ್ರಾಣವಾಯುವೇ ವಿಷವಾದಾಗ

ಇಷ್ಟು ಲಾಭವಿದ್ದರೆ ಎಲ್ಲರೂ ಒಂದೊಂದು ಆಮ್ಲಜನಕದ ಸಿಲಿಂಡರ್ ಕಟ್ಟಿಕೊಂಡು ಇಳಿಯಬಹುದಲ್ಲ ಎನಿಸುವುದು ಸಹಜ. ಪಾಲ್ ಬೆರ್ ಬಾಟಲಿಯ ಎರಡನೆಯ ಮುಖ ಇಲ್ಲಿ ಎದುರಾಗುತ್ತದೆ.

ಆಮ್ಲಜನಕದ ಆಂಶಿಕ ಒತ್ತಡ ಮಿತಿ ಮೀರಿದರೆ ಮೂರ್ಛೆರೋಗದಂಥ ಸೆಳವು ಬರಬಹುದು. ಆಸ್ಪತ್ರೆಯ ಹಾಸಿಗೆಯ ಮೇಲೆ ಬಂದ ಸೆಳವು ಹೆಚ್ಚಾಗಿ ಪ್ರಾಣ ತೆಗೆಯುವುದಿಲ್ಲ. ನೀರಿನೊಳಗೆ ಹಾಗಲ್ಲ. ಬಾಯಲ್ಲಿ ಕಚ್ಚಿದ ನಳಿಕೆ ಜಾರಿದರೆ ಮುಂದಿನ ಉಸಿರು ನೀರೇ. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ನೌಕಾಪಡೆಗಾಗಿ ಕೆನೆತ್ ಡೊನಾಲ್ಡ್ ನಡೆಸಿದ ಪರೀಕ್ಷೆಗಳು ಇನ್ನೂ ಅಂಜಿಸುವ ಸಂಗತಿಯನ್ನು ಹೊರಹಾಕಿದವು. ಆಮ್ಲಜನಕ ತಾಳುವ ಶಕ್ತಿ ಒಬ್ಬರಿಂದೊಬ್ಬರಿಗೆ ಬೇರೆ. ಅಷ್ಟೇ ಅಲ್ಲ, ಒಬ್ಬನೇ ಮನುಷ್ಯನಲ್ಲಿ ದಿನದಿಂದ ದಿನಕ್ಕೂ ಬೇರೆ! ನಿನ್ನೆ ಏನೂ ಆಗಲಿಲ್ಲ ಎಂಬುದು ಇವತ್ತಿಗೆ ಜಾಮೀನಲ್ಲ.

ಈಗ ರೂಢಿಯಲ್ಲಿರುವ ಮಿತಿ ಈಜಾಡುವಾಗ 1.4 ಬಾರ್, ನಿಲುಗಡೆಯಲ್ಲಿ ಸುಮ್ಮನಿರುವಾಗ 1.6 ಬಾರ್. ಶುದ್ಧ ಆಮ್ಲಜನಕ 1.6 ಮುಟ್ಟುವುದು ಆರು ಮೀಟರಿನಲ್ಲಿ. ಅಂದರೆ ಐದು ಮೀಟರಿನ ನಿಲುಗಡೆಗೂ ಮಿತಿಗೂ ನಡುವೆ ಒಂದೇ ಮೀಟರ್ ಅಂತರ! ತೇಲುವ ಹದ ಕೈಗೂಡದ ಹೊಸಬ ಅರಿವಿಲ್ಲದೆ ಹತ್ತು ಮೀಟರಿಗೆ ಜಾರಿದರೆ 2 ಬಾರ್. ಅರ್ಧಕ್ಕರ್ಧದ ಮಿಶ್ರಣವಾದರೆ ಅದೇ ಮಿತಿ ಮುಟ್ಟುವುದು 22 ಮೀಟರಿನಲ್ಲಿ. ತಪ್ಪಿಗೆ ಅಲ್ಲಿ ಜಾಗ ಹೆಚ್ಚು, ಲಾಭ ಸ್ವಲ್ಪ ಕಡಿಮೆ. ಇನ್ನು ತಪ್ಪು ಸಿಲಿಂಡರಿನ ನಳಿಕೆಯನ್ನು ಆಳದಲ್ಲಿ ಬಾಯಿಗಿಟ್ಟುಕೊಂಡರೆ ಗತಿಯೇನು? ನುರಿತವರೂ ಹೀಗೆ ಜೀವ ಕಳೆದುಕೊಂಡದ್ದುಂಟು. ಜೊತೆಗೆ ಬೆಂಕಿಯ ಭಯ. ಒತ್ತಡದ ಆಮ್ಲಜನಕಕ್ಕೆ ಒಂದಿಷ್ಟು ಎಣ್ಣೆ ಜಿಡ್ಡು ತಗುಲಿದರೂ ಸಾಕು, ಹತ್ತಿಕೊಳ್ಳಬಹುದು. ಅದಕ್ಕೇ ಅಂಥ ಸಿಲಿಂಡರ್, ಕವಾಟಗಳನ್ನು ಬೇರೆಯಾಗಿಯೇ ಶುಚಿಗೊಳಿಸಿ ಇಡುತ್ತಾರೆ.

ಹಾಗಾದರೆ ಯಾರಿಗೆ, ಯಾವಾಗ?

ಆಳಕ್ಕೆ ಇಳಿದು ಬಹುಹೊತ್ತು ಇದ್ದು, ಕಡ್ಡಾಯವಾಗಿ ನಿಂತು ನಿಂತು ಬರಬೇಕಾದ ತಜ್ಞ ಮುಳುಗುಗಾರರಿಗೆ ನಿಲುಗಡೆಯ ಆಮ್ಲಜನಕ ಅನಿವಾರ್ಯವೇ ಸರಿ. ಅಮೆರಿಕದ ನೌಕಾಪಡೆ 2008ರ ತನ್ನ ಕೈಪಿಡಿಯಲ್ಲಿ 30 ಮತ್ತು 20 ಅಡಿ ಆಳದ ನಿಲುಗಡೆಗಳಿಗೆ ಆಮ್ಲಜನಕದ ಕೋಷ್ಟಕಗಳನ್ನೇ ಕೊಟ್ಟಿತು. (30 ಅಡಿ ನಮ್ಮ ಮಿತಿಗಿಂತ ಆಳ ಎಂದು ಗಮನಿಸಿದಿರಾ? ಅದು ಮೇಲಿನಿಂದ ಹತ್ತಾರು ಜನ ಕಾವಲಿರುವ, ಗಾಳಿಯ ಕೊಳವೆ ಮುಖವಾಡಕ್ಕೇ ಜೋಡಿಸಿದ ಸೈನಿಕರ ವ್ಯವಸ್ಥೆ.) ಆದರೆ ಹತ್ತು ಹದಿನೈದು ಮೀಟರ್ ಇಳಿದು ಮೀನು ನೋಡಿ ಬರುವವರಿಗೆ ಕಾಯಿಲೆಯ ಅಪಾಯ ಮೊದಲೇ ಬಲು ಕಡಿಮೆ. ಅಷ್ಟು ಸಣ್ಣ ಅಪಾಯವನ್ನು ಇನ್ನಷ್ಟು ತಗ್ಗಿಸಲು ಹೋಗಿ ಎರಡನೆಯ ಸಿಲಿಂಡರ್, ಎರಡನೆಯ ನಳಿಕೆ, ಸೆಳವಿನ ಭಯ ಇವನ್ನೆಲ್ಲ ಮೈಮೇಲೆ ಎಳೆದುಕೊಳ್ಳುವುದು ಇಲಿ ಹಿಡಿಯಲು ಹುಲಿ ಸಾಕಿದಂತೆ.

ನಡುವಿನ ದಾರಿಯೊಂದಿದೆ: 'ನೈಟ್ರಾಕ್ಸ್'. ಮೊದಲಿನಿಂದ ಕೊನೆಯವರೆಗೂ ಒಂದೇ ಸಿಲಿಂಡರ್, ಅದರಲ್ಲಿ ಆಮ್ಲಜನಕ ಶೇ. 32. ಸಾರಜನಕ ಕಡಿಮೆ ಒಳಹೋಗುತ್ತದೆ, ನಿಲುಗಡೆಯಲ್ಲಿ ಬೇಗ ಹೊರಬರುತ್ತದೆ, ನಳಿಕೆ ಬದಲಿಸುವ ಗೊಡವೆಯಿಲ್ಲ. ಅಮೆರಿಕದ ಸಾಗರ ಸಂಸ್ಥೆ 'ನೋವಾ'ದಲ್ಲಿ ಮಾರ್ಗನ್ ವೆಲ್ಸ್ 1970ರ ದಶಕದಲ್ಲಿ ಇದನ್ನು ರೂಢಿಗೆ ತಂದರು. 1985ರಲ್ಲಿ ಡಿಕ್ ರಟ್ಕೋವ್‌ಸ್ಕಿ ಹವ್ಯಾಸಿಗಳಿಗೆ ಕಲಿಸಲು ಹೊರಟಾಗ ಇದು 'ದೆವ್ವದ ಗಾಳಿ' ಎಂಬ ಬೈಗುಳವೂ ಕೇಳಿಬಂತು. ಇಂದು ಅದು ಪ್ರಪಂಚದಾದ್ಯಂತ ಮಾಮೂಲಿ. ಆದರೆ ಅದಕ್ಕೂ ಮಿತಿ ಇದೆ. 1.4 ಬಾರಿನ ಲೆಕ್ಕದಲ್ಲಿ 33 ಮೀಟರ್‌ಗಿಂತ ಕೆಳಗೆ ಇಳಿಯುವಂತಿಲ್ಲ. ಅದಕ್ಕೆ ಪ್ರತ್ಯೇಕ ತರಬೇತಿ ಬೇಕು. ಸಿಲಿಂಡರಿನಲ್ಲಿ ಆಮ್ಲಜನಕ ಎಷ್ಟಿದೆಯೆಂದು ಮೀಟರ್ ಹಿಡಿದು ಮುಳುಗುವವನೇ ಅಳೆದು ನೋಡಬೇಕು ಎಂಬುದು ಕಟ್ಟುನಿಟ್ಟಿನ ನಿಯಮ.

ದ್ವಿತೀಯ ಪಿಯುಸಿ ವಿದ್ಯಾರ್ಥಿಗಳು ಇಲ್ಲೊಂದು ಆಕ್ಷೇಪ ಎತ್ತಬಹುದು. ಎನ್‌ಸಿಇಆರ್‌ಟಿ ರಸಾಯನ ವಿಜ್ಞಾನ ಪುಸ್ತಕದ ದ್ರಾವಣಗಳ ಪಾಠದಲ್ಲಿ, ಸ್ಕೂಬಾ ಸಿಲಿಂಡರಿನಲ್ಲಿ ಶೇ. 11.7 ಹೀಲಿಯಂ, 56.2 ಸಾರಜನಕ, 32.1 ಆಮ್ಲಜನಕ ಇರುತ್ತದೆ ಎಂದು ಓದಿರುತ್ತೀರಿ. ಪರೀಕ್ಷೆಯಲ್ಲಿ ಹಾಗೆಯೇ ಬರೆಯಿರಿ, ಅಂಕ ಕಳೆದುಕೊಳ್ಳಬೇಡಿ. ಆದರೆ ಕಡಲತೀರದ ಮುಳುಗು ಶಾಲೆಗೆ ಹೋದರೆ ನಿಮ್ಮ ಬೆನ್ನಿಗೇರುವುದು ಸಾಮಾನ್ಯವಾಗಿ ಸೋಸಿ ಒಣಗಿಸಿ ತುಂಬಿದ ಬರಿಯ ಗಾಳಿ. ಹೀಲಿಯಂ ಬೆರೆಸುವುದು ಬಹಳ ಆಳಕ್ಕೆ ಹೋಗುವವರು, ಮುಖ್ಯವಾಗಿ ಸಾರಜನಕದ ಅಮಲು ಏರದಿರಲೆಂದು. 'ಸ್ಕೂಬಾ ಸಿಲಿಂಡರಿನಲ್ಲಿ ಆಮ್ಲಜನಕ ಇರುತ್ತದೆ' ಎಂಬ ಪತ್ರಿಕಾ ಭಾಷೆಯೂ ಅಷ್ಟೇ ದಾರಿ ತಪ್ಪಿಸುವಂಥದು. ಬರಿ ಆಮ್ಲಜನಕ ಹೊತ್ತು ಮೂವತ್ತು ಮೀಟರ್ ಇಳಿದವನು ಮರಳಿ ಬರುವುದು ಕಷ್ಟ.

ಘಟ್ಟ ಹತ್ತುವ ಮುನ್ನ

ಕೊನೆಗೆ, ಮಕ್ಕಳನ್ನು ಮುಳುಗಲು ಕಳಿಸುವ ತಂದೆತಾಯಿಗಳಿಗೆ ಒಂದು ಮಾತು. ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿಗೆ ಹೋಗಿ ಮುಳುಗಿ ಬರುವುದು ಈಗ ಕಾಲೇಜು ಹುಡುಗರಿಗೆ ಸಾಮಾನ್ಯವಾಗಿದೆ. ಬೆಳಿಗ್ಗೆ ಮುಳುಗಿ, ಸಂಜೆ ಬಸ್ಸು ಹತ್ತಿ, ರಾತ್ರೋರಾತ್ರಿ ಘಟ್ಟ ಏರಿ ಬೆಂಗಳೂರಿಗೆ ಬರುವವರೇ ಹೆಚ್ಚು. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು ಮೂರು ಸಾವಿರ ಅಡಿ ಎತ್ತರದಲ್ಲಿದೆ. ಸೋಡಾ ಬಾಟಲಿಯ ಲೆಕ್ಕದಲ್ಲಿ ಘಟ್ಟ ಹತ್ತುವುದೆಂದರೆ ಗೋಲಿಯನ್ನು ಇನ್ನೊಂದಿಷ್ಟು ಒತ್ತಿದಂತೆ. ಮುಳುಗಿದ ಮೇಲೆ ವಿಮಾನ ಹತ್ತುವವರಿಗೆ ಹೇಳುವ ನಿಯಮ ಎರಡು ಸಾವಿರ ಅಡಿಗಿಂತ ಮೇಲೇರುವ ಎಲ್ಲರಿಗೂ ಒಪ್ಪುತ್ತದೆ: ಒಂದೇ ಸಲ ಮುಳುಗಿದ್ದರೆ ಕನಿಷ್ಠ 12 ಗಂಟೆ, ಹಲವು ಸಲ ಅಥವಾ ಹಲವು ದಿನ ಮುಳುಗಿದ್ದರೆ 18 ಗಂಟೆ ಬಿಡುವು. ತರಬೇತುದಾರರ ಕೈ ಹಿಡಿದು ಮೊದಲ ಬಾರಿಗೆ ಸ್ವಲ್ಪ ಹೊತ್ತು ಇಳಿದವರಿಗೆ ಅಪಾಯ ಅತ್ಯಲ್ಪ. ಆದರೂ ಒಂದು ರಾತ್ರಿ ಕಡಲ ತೀರದಲ್ಲೇ ಮಲಗಿ ಬಂದರೆ ನಷ್ಟವೇನು?

ದೋಣಿ ಹತ್ತುವ ಮುಂಚೆ ಕೇಳಬೇಕಾದ ಪ್ರಶ್ನೆಗಳೂ ಸರಳ. ದೋಣಿಯಲ್ಲಿ ಪ್ರಥಮ ಚಿಕಿತ್ಸೆಯ ಆಮ್ಲಜನಕ ಇದೆಯೇ? ಅದನ್ನು ಕೊಡಲು ಬಲ್ಲವರು ಇದ್ದಾರೆಯೇ? ಹೆಚ್ಚುಕಡಿಮೆಯಾದರೆ ಒತ್ತಡದ ಕೋಣೆಯ ಚಿಕಿತ್ಸೆ ಎಲ್ಲಿ ಸಿಗುತ್ತದೆಂದು ಅವರಿಗೆ ಗೊತ್ತೇ? ಮುಳುಗಿ ಬಂದ ಒಂದು ದಿನದೊಳಗೆ ಮಗ ಅಥವಾ ಮಗಳು ಕೀಲುನೋವು, ಜೋಮು, ವಿಚಿತ್ರ ಸುಸ್ತು ಎಂದರೆ 'ಈಜಾಡಿದ ನೋವು, ಮಲಗಿದರೆ ಸರಿಹೋಗುತ್ತದೆ' ಎನ್ನಬೇಡಿ. ವೈದ್ಯರ ಬಳಿ ಕರೆದೊಯ್ದು ಮೊದಲ ಮಾತಿನಲ್ಲೇ 'ಇವನು ಸಮುದ್ರದಲ್ಲಿ ಮುಳುಗಿ ಬಂದಿದ್ದಾನೆ' ಎಂದು ಹೇಳಿ. ನಿಲುಗಡೆಯ ಆಮ್ಲಜನಕದ ಬಗ್ಗೆ ಎಷ್ಟು ಚರ್ಚೆಯಿದ್ದರೂ, ಕಾಯಿಲೆ ಬಂದವರಿಗೆ ನೆಲದ ಮೇಲೆ ಶುದ್ಧ ಆಮ್ಲಜನಕವೇ ಮೊದಲ ಮದ್ದು ಎಂಬುದರಲ್ಲಿ ಎರಡು ಮಾತಿಲ್ಲ.

ಇನ್ನು ಮುಳುಗುವ ಹುಡುಗರಿಗೆ: ನಿಧಾನವಾಗಿ ಏರಿ, ನಿಮಿಷಕ್ಕೆ ಒಂಬತ್ತು ಮೀಟರಿಗಿಂತ ಹೆಚ್ಚು ಬೇಡ. ಐದು ಮೀಟರಿನಲ್ಲಿ ಮೂರು ನಿಮಿಷ ನಿಲ್ಲಿ. ಸಿಲಿಂಡರಿನಲ್ಲಿ ಗಾಳಿ ಸಾಕಷ್ಟಿದ್ದರೆ ಐದು ನಿಮಿಷ ನಿಲ್ಲಿ. ಅದಕ್ಕೆ ವಿಶೇಷ ಅನಿಲ ಬೇಡ, ಹೆಚ್ಚಿನ ಖರ್ಚಿಲ್ಲ, ಸ್ವಲ್ಪ ತಾಳ್ಮೆ ಇದ್ದರೆ ಸಾಕು.